ಎರಡನೆಯ ಸಲ ಕುಲುಕಿದ ಹಂಡೆ

ಈ ಕಥೆಯನ್ನು ಮೊದಲು ಹೇಳಿದವರು ದ್ರೆನೊವ್ ದೊಲ್ ಹಳ್ಳಿಯ ಪರಾಷ್ಕೇವಾ ತೋಶೆವಾ. ಹೇಳಿದ್ದು 2018ರ ಸೆಪ್ಟೆಂಬರಿನಲ್ಲಿ, ಅವರ ಮನೆಯಂಗಳದ ಅಕ್ರೋಟ ಮರದ ಕೆಳಗೆ, ಚಳಿಗಾಲದ ಗೊಜ್ಜಿಗೆಂದು ಸುಟ್ಟ ದೊಣ್ಣೆಮೆಣಸಿನಕಾಯಿಗಳ ಸಿಪ್ಪೆ ಸುಲಿಯಲು ನೆರೆಯ ಹೆಂಗಸರು ಸೇರಿದ್ದಾಗ. ಇದೇ ಕಥೆಯನ್ನು ಬೆರ್ಕೊವಿತ್ಸಾದ ಸಂತೆಯಲ್ಲಿ ಒಬ್ಬ ಡೋಲಿನವನ ಬಾಯಿಂದಲೂ ಕೇಳಿದ್ದೇನೆ. ಅವನ ಪಾಠದಲ್ಲಿ ಕೊನೆ ಬೇರೆ. ಆದರೆ ಕಥೆಯೊಳಗಿನ ದಿಲ್ಯಾನನಿಗೆ ಪರಾಷ್ಕೇವಾ ಸ್ವಂತ ದೊಡ್ಡಮ್ಮ. ಮುಖ್ಯವಾದ ಮಾತುಕತೆ ನಡೆದಾಗ ಕೈಯಲ್ಲಿ ರಾಕಿಯಾ ಎಂಬ ಹಣ್ಣಿನ ಸಾರಾಯಿಯ ಹೂಜಿ ಹಿಡಿದು ಪಕ್ಕದಲ್ಲೇ ನಿಂತಿದ್ದವರು. ಆದ್ದರಿಂದ ಇಲ್ಲಿ ಅವರ ಪಾಠವನ್ನೇ ಅನುಸರಿಸಿದ್ದೇನೆ. ಡೋಲಿನವನ ಮಾತನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ದಿಲ್ಯಾನ್ ಪಟ್ಟಣದ ಬೊಂಬೆಯಾಟದವರಿಗೆ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟಿಕೊಡುತ್ತಿದ್ದ. ತಾಯಿ ತೀರಿಕೊಂಡ ಮೇಲೆ ಹಳ್ಳಿಯ ಮನೆಯಲ್ಲಿ ಒಬ್ಬನೇ ಇದ್ದು, ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಕೆಲಸ ಒಪ್ಪಿಸಿ ಬರುತ್ತಿದ್ದ. ಅವನೊಡನೆ ಹಾಡುತ್ತಿದ್ದವಳು ರಾಯ್ನಾ. ಬೆಳಗಿನ ಹೊತ್ತು ಊರಿನ ಬ್ರೆಡ್ಡಿನ ಭಟ್ಟಿಯಲ್ಲಿ ಕೆಲಸ ಮಾಡಿ, ಮಧ್ಯಾಹ್ನ ತೋಳಿನ ಹಿಟ್ಟು ತೊಳೆದುಕೊಂಡು ಅವನ ಮನೆಗೆ ಬರುತ್ತಿದ್ದಳು. ಅವಳ ಅಜ್ಜಿಯಿಂದ ಬಂದ ಹಾಡುಗಳೇ ಇಬ್ಬರ ಬಂಡವಾಳ. ಆ ಹಾಡುಗಳನ್ನು ಹಾಗೆಯೇ ಹಾಡಲು ಅವರಿಗೆ ಮನಸ್ಸಿರಲಿಲ್ಲ. ಅವುಗಳ ಸ್ವರಗಳನ್ನೂ, ಉದ್ದ ಗಿಡ್ಡ ಹೆಜ್ಜೆಗಳ ತಾಳಗಳನ್ನೂ ಬಿಡಿಬಿಡಿಯಾಗಿ ಕಂಪ್ಯೂಟರಿಗೆ ಸುರಿದು, ಅದು ಕುಲುಕಿ ಬೀಳಿಸಿದ್ದನ್ನು ಹೊಸ ಹಾಡಾಗಿ ಕಟ್ಟುತ್ತಿದ್ದರು. ಹೀಗೆ ಕುಲುಕುವುದಕ್ಕೆಂದೇ ದಿಲ್ಯಾನ್ ಒಂದು ತಂತ್ರಾಂಶ ಬರೆದಿದ್ದ. ಅದಕ್ಕೆ 'ಹಂಡೆ' ಎಂದು ಹೆಸರಿಟ್ಟವಳು ರಾಯ್ನಾ.

ಹೆಸರಿಗೆ ಕಾರಣವಿತ್ತು. ಈ ಕಡೆಯ ಹಳ್ಳಿಗಳಲ್ಲಿ ಹೊಸವರ್ಷದ ಮುನ್ನಾದಿನ ಹುಡುಗಿಯರು ತಂತಮ್ಮ ಉಂಗುರವನ್ನು ಕೆಂಪು ನೂಲಿನಿಂದ ಓಟ್ಸ್ ತೆನೆಗೆ ಕಟ್ಟಿ, ದಾರಿಯಲ್ಲಿ ಯಾರೊಡನೆಯೂ ಮಾತಾಡದೆ ತಂದ ನೀರು ತುಂಬಿದ ತಾಮ್ರದ ಹಂಡೆಯೊಳಗೆ ಹಾಕುತ್ತಾರೆ. ಮರುದಿನ ಹಂಡೆಯ ಸುತ್ತ ಕೂತು ಹಾಡುತ್ತಾರೆ. ಒಂದು ಸಾಲು ಮುಗಿದಾಗ ನೋಡದೆ ಕೈಹಾಕಿ ಒಂದು ಉಂಗುರ ತೆಗೆಯಬೇಕು. ಅದು ಯಾರದೋ, ಆ ಸಾಲು ಅವಳ ಆ ವರ್ಷದ ಪಾಲು. 'ಹೊಸಿಲ ಮೇಲೆ ಹಿಟ್ಟಿನ ಬೆರಳು' ಎಂದು ಹಾಡಿದಾಗ ಬಂದರೆ ಮದುವೆ. 'ಬೇಲಿಯಾಚೆ ಬಿಳಿಯ ಕೊಕ್ಕರೆ' ಎಂದಾಗ ಬಂದರೆ ಊರು ಬಿಡುವುದು. ಇಷ್ಟವಾಗಲಿಲ್ಲವೆಂದು ಉಂಗುರವನ್ನು ಮತ್ತೆ ನೀರಿಗೆ ಹಾಕುವಂತಿಲ್ಲ. ಹಾಗೆ ಮಾಡಿದವಳ ಜೊತೆ ಮರುವರ್ಷ ಯಾರೂ ಉಂಗುರ ಹಾಕುವುದಿಲ್ಲ.

ರಾಯ್ನಾ ಈ ಕಟ್ಟಳೆಯನ್ನು ಕಂಪ್ಯೂಟರಿಗೂ ತಂದಳು. ಒಂದು ಹಾಡಿಗೆ ಒಂದೇ ಕುಲುಕು. ದಿಲ್ಯಾನ್ ಕೋಣೆಯಲ್ಲಿ ಕೂತು ಗುಂಡಿ ಒತ್ತಬೇಕು. ಅವಳು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕಾಯಬೇಕು. ಬಿದ್ದದ್ದನ್ನು ಅವನು ಬಂದು ಕೇಳಿಸಬೇಕು, ಅದು ಎಷ್ಟೇ ಸೊಟ್ಟಗಿದ್ದರೂ ಹಾಡಾಗಿಸಬೇಕು. ಬೀಳಿಸಿದ್ದನ್ನು ಹಂಡೆ ತಾನಾಗಿ ನೆನಪಿಟ್ಟುಕೊಳ್ಳದಂತೆಯೂ ಅವಳೇ ಮಾಡಿಸಿದಳು. ಇನ್ನೊಮ್ಮೆ ಕುಲುಕಿದರೆ ಮೊದಲಿನದು ಅಳಿಸಿಹೋಗಬೇಕು.

ಒಂದು ಸಲ ಬಿದ್ದದ್ದು ಎಲ್ಲರಿಗೂ ನೆನಪಿರುವಷ್ಟು ಕೆಟ್ಟದಾಗಿತ್ತಂತೆ. ಒಂದೇ ಸ್ವರ ಮೇಲಿಂದ ಮೇಲೆ, ನಡುವೆ ಒಂದು ಮುಗ್ಗರಿಕೆ. ಪರಾಷ್ಕೇವಾ ಆ ದಿನ ಅಲ್ಲಿಗೆ ಮೊಸರು ಕೊಡಲು ಹೋಗಿದ್ದರು.

"ಏನೋ ಇದು, ಮುಳ್ಳು ತುಳಿದ ಮೇಕೆ ಮೆಟ್ಟಿಲು ಹತ್ತೋ ಹಾಗಿದೆ" ಎಂದರು.

"ಮೇಕೆ ಆದ್ರೂ ನಮ್ಮ ಮೇಕೆ ಕಣತ್ತೆ" ಎಂದಳು ರಾಯ್ನಾ. "ಹತ್ತಿಸೋದು ನನ್ನ ಕೆಲಸ."

"ರಾಯ್ನಾ, ಒಂದೇ ಒಂದ್ಸಲ ಮತ್ತೆ ಕುಲುಕ್ತೀನಿ. ಯಾರಿಗೂ ಗೊತ್ತಾಗಲ್ಲ" ಎಂದು ದಿಲ್ಯಾನ್ ಬೇಡಿಕೊಂಡ.

"ನಂಗೆ ಗೊತ್ತಾಗುತ್ತಲ್ಲ! ಚೆನ್ನಾಗಿರೋದನ್ನೇ ಆರಿಸ್ಕೊಳ್ಳೋ ಹಾಗಿದ್ರೆ ಇದೆಲ್ಲ ಯಾಕೆ ಬೇಕಿತ್ತು? ನಾವು ಆರಿಸೋದು ನಮಗೆ ಮೊದಲೇ ಗೊತ್ತಿರೋದನ್ನೇ ಕಣೋ. ಗೊತ್ತಿಲ್ಲದ್ದು ಬರಬೇಕಾದ್ರೆ ಬಾಗಿಲು ತೆಗೆದು ಸುಮ್ನೆ ಕೂತ್ಕೋಬೇಕು."

ಆ ಕುಂಟು ಮೇಕೆಯ ಹಾಡಿಗೇ ಆ ವರ್ಷ ಸಮುದಾಯ ಭವನದಲ್ಲಿ ಊರು ಕೈಕೈ ಹಿಡಿದು ಕುಣಿಯಿತು. ಮುಗ್ಗರಿಸುವ ಜಾಗದಲ್ಲಿ ಸಾಲಿಗೆ ಸಾಲೇ ಒಟ್ಟಿಗೆ ಮುಗ್ಗರಿಸಿ ನಗುತ್ತಿತ್ತು. ಡೋಲಿನವನ ಪಾಠ ಇಲ್ಲಿಯವರೆಗೂ ಇದರೊಡನೆ ಹೊಂದುತ್ತದೆ.

ಅವರಿಬ್ಬರ ನಡುವೆ ಇನ್ನೇನಿತ್ತು ಎಂದು ಸಿಪ್ಪೆ ಸುಲಿಯುತ್ತಿದ್ದ ಸ್ಪಾಸ್ಕಾ ಕೇಳಿದಳು. ಅವಳು ಪರಾಷ್ಕೇವಾರ ಪಕ್ಕದ ಮನೆಯವಳು. ಕಥೆ ಅವಳಿಗೆ ಗೊತ್ತಿತ್ತು, ಆದರೂ ಕೇಳಿದಳು.

"ಏನಿತ್ತು ಅಂದ್ರೆ, ಎಲ್ಲಾ ಇತ್ತು ಕಣೆ, ಮಾತೊಂದು ಬಿಟ್ಟು" ಎಂದರು ಪರಾಷ್ಕೇವಾ. "ನಮ್ಮ ಹುಡುಗ ಒಂದು ದಿನ ಅವಳನ್ನ ಕರೆದು, 'ವಸಂತ ಬಂದ್ಮೇಲೆ ಕಿಟಕಿಗೆ ಬಣ್ಣ ಹೊಡಿಸ್ಬೇಕು, ನಿಂಗೆ ಹಸಿರು ಇಷ್ಟವೋ ನೀಲಿಯೋ' ಅಂದ. ಅದೇ ಅವನು ಮದುವೆ ಕೇಳಿದ ರೀತಿ! ಅವಳು, 'ಕಿಟಕಿ ನಿಂದು, ನಂಗೇನು' ಅಂದ್ಲು. ಇವನು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ. ನಾನು ಅವನಿಗೆ ಹೇಳ್ದೆ: 'ಲೋ ಪೆದ್ದ, ಕಿಟಕಿ ಬಿಟ್ಟು ಬಾಗಿಲ ಹತ್ರ ಬಾರೋ, ಬಾಯಿಬಿಟ್ಟು ಕೇಳೋ' ಅಂತ. 'ಕೇಳ್ತೀನಿ ದೊಡ್ಡಮ್ಮ, ಕೇಳ್ತೀನಿ' ಅಂದ. ಆ 'ಕೇಳ್ತೀನಿ'ಯಲ್ಲೇ ಚಳಿಗಾಲ ಬಂತು."

ಅದೇ ಚಳಿಗಾಲದಲ್ಲಿ ಪ್ಲೊವ್ದಿವ್ ನಗರದ ಒಂದು ದೊಡ್ಡ ಗಾಯನ ತಂಡದಿಂದ ರಾಯ್ನಾಳಿಗೆ ಕರೆ ಬಂತು. ಹೊಸವರ್ಷ ಕಳೆದೊಡನೆ ಬರುತ್ತೀಯೋ ಇಲ್ಲವೋ ಹೇಳಬೇಕಿತ್ತು. ಅಲ್ಲಿ ಸಂಬಳವಿತ್ತು, ಊರೂರು ತಿರುಗಾಟವಿತ್ತು. ಹಾಡುಗಳೆಲ್ಲ ಮೊದಲೇ ಬರೆದಿಟ್ಟವು. ರಾಯ್ನಾ ಹೋಗಲೂ ಆರದೆ ಇರಲೂ ಆರದೆ, ಕೊನೆಗೆ ಹುಡುಗಿಯರು ಉಂಗುರಕ್ಕೆ ಒಪ್ಪಿಸುವುದನ್ನು ತಾನು ಹಾಡಿಗೆ ಒಪ್ಪಿಸಿದಳು. ಹೊಸವರ್ಷದ ಬೆಳಿಗ್ಗೆ ಹಂಡೆಯಿಂದ ಬೀಳುವ ಹಾಡಿನ ಕೊನೆಯ ಸ್ವರ ಮೇಲೇರಿ ನಿಂತರೆ ದಿಲ್ಯಾನನ ಮನೆಯಲ್ಲಿ ಉಳಿಯುವುದು, ಅವನು ಕೇಳದಿದ್ದರೆ ತಾನೇ ಕೇಳುವುದು. ಕೆಳಗಿಳಿದು ನಿಂತರೆ ಪ್ಲೊವ್ದಿವಿಗೆ ಹೋಗುವುದು. ಈ ಊರಿನಲ್ಲಿ ಮದುಮಗಳು ಗಂಡನ ಹೊಸಿಲು ದಾಟುವಾಗಿನ ಹಾಡುಗಳು ಮೇಲೇರಿ ನಿಲ್ಲುತ್ತವೆ, ಬೀಳ್ಕೊಡುವ ಹಾಡುಗಳು ತಳದ ಸ್ವರಕ್ಕೆ ಇಳಿದು ನಿಲ್ಲುತ್ತವೆ. ಅವಳ ಲೆಕ್ಕ ಅಲ್ಲಿಂದ ಬಂದದ್ದು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಉಂಗುರ ಹಾಕುವವಳೂ ತಾನು ಬಯಸಿದ್ದನ್ನು ಹೇಳುವ ವಾಡಿಕೆಯಿಲ್ಲ. ಪರಾಷ್ಕೇವಾರಿಗೆ ಇದು ತಿಳಿದದ್ದು ಬಹಳ ಕಾಲ ಕಳೆದ ಮೇಲೆ. "ಆದ್ರೆ ನಿಮಗೆ ಈಗ್ಲೇ ಹೇಳ್ಬಿಡ್ತೀನಿ" ಎಂದರು. "ನಾನು ಪಟ್ಟ ಸಂಕಟ ನೀವೂ ಸ್ವಲ್ಪ ಪಡಿ."

ದಿಲ್ಯಾನನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಪ್ಲೊವ್ದಿವಿನ ಕರೆ ಅವನಿಗೂ ಗೊತ್ತಿತ್ತು. ಅವಳನ್ನು ಹಿಡಿದು ನಿಲ್ಲಿಸುವ ಮಾತು ತನ್ನ ಬಾಯಿಂದ ಹೊರಡದು ಎಂಬುದೂ ಗೊತ್ತಿತ್ತು. ಹಾಡು ಚೆನ್ನಾಗಿದ್ದರೆ ಅವಳು ನಿಲ್ಲುತ್ತಾಳೆ, ಇಂಥ ಹಾಡು ಸಿಗುವ ಮನೆಯನ್ನು ಬಿಟ್ಟು ಬರೆದಿಟ್ಟ ಹಾಡುಗಳ ಹಿಂದೆ ಯಾರು ಹೋಗುತ್ತಾರೆ ಎಂದುಕೊಂಡ.

ಹೊಸವರ್ಷದ ಬೆಳಿಗ್ಗೆ ಹಿಮ ಬಿದ್ದಿತ್ತು. ರಾಯ್ನಾ ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಕೊಟ್ಟು ಕೂತಳು. ದಿಲ್ಯಾನ್ ಕೋಣೆಗೆ ಹೋಗಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗುಂಡಿ ಒತ್ತಿದ.

ಬಿದ್ದದ್ದು ಏಳು ಹೆಜ್ಜೆಯ ತಾಳದ ಒಂದು ಒರಟು ರಾಗ. ಎರಡು ಕಡೆ ಎಡವಿ, ಕೊನೆಯಲ್ಲಿ ಮೇಲೇರಿ, ಅಲ್ಲೇ ನಿಂತಿತು. ಯಾರೋ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟದೆ ನಿಂತಂತಿತ್ತು ಎಂದು ಅವನೇ ಆಮೇಲೆ ದೊಡ್ಡಮ್ಮನಿಗೆ ಹೇಳಿದ್ದಾನೆ. ಆದರೆ ಆ ಹೊತ್ತಿನಲ್ಲಿ ಅವನಿಗೆ ಅನಿಸಿದ್ದು, ಇದು ಮುಗಿಯದ ಹಾಡು, ಅರ್ಧಕ್ಕೆ ಕಡಿದದ್ದು, ಇದನ್ನು ಕೇಳಿಸಿದರೆ ಅವಳು ಇವತ್ತೇ ಬಸ್ಸು ಹತ್ತುತ್ತಾಳೆ ಎಂದು. ಒಮ್ಮೆ ಮಾತ್ರ ಕೇಳಿದ. ಮತ್ತೆ ಗುಂಡಿ ಒತ್ತಿದ. ಬಂದದ್ದು ಸಪ್ಪೆಯಾಗಿತ್ತು, ಮತ್ತೆ ಒತ್ತಿದ. ಹೀಗೆ ಒತ್ತುತ್ತ ಹೋದ.

"ಏನೋ, ಹಂಡೆ ಹೆಪ್ಪುಗಟ್ತಾ?" ಎಂದು ಒಳಗಿನಿಂದ ರಾಯ್ನಾ ಕೂಗಿದಳು.

"ಕಂಪ್ಯೂಟರು ಇನ್ನೂ ಎದ್ದಿಲ್ಲ. ಚಳಿ ಅದಕ್ಕೂ" ಎಂದ ದಿಲ್ಯಾನ್.

ಕೊನೆಗೆ ಒಂದು ಬಿತ್ತು. ನಯವಾದದ್ದು, ದುಂಡಗಿನದು; ಹೊಳೆಯ ನೀರು ಬಂಡೆ ಸುತ್ತಿ ಬರುವಂತೆ ಸುತ್ತಿ ಬಂದು, ಮೆತ್ತಗೆ ಇಳಿದು ತಳದ ಸ್ವರದಲ್ಲಿ ನಿಂತಿತು. ಅವನಿಗೆ ಕಣ್ಣು ತುಂಬಿ ಬಂತು. ಅಡುಗೆಮನೆಗೆ ಓಡಿಹೋಗಿ ಕೇಳಿಸಿದ.

ರಾಯ್ನಾ ಬೆನ್ನು ತಿರುಗಿಸಿಯೇ ಕೇಳಿದಳು. ಮುಗಿದ ಮೇಲೂ ತಿರುಗಲಿಲ್ಲ.

"ಇದೇ ಬಿದ್ದದ್ದಾ?" ಎಂದಳು.

"ಇದೇ."

"ಮೊದಲ ಸಲಕ್ಕೇ?"

"ಮೊದಲ ಸಲಕ್ಕೇ. ಯಾಕೆ, ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ" ಎಂದು ಅವಳು ಮುಖ ಒರೆಸಿಕೊಂಡಳು. ಹಾಡಿನ ಚೆಲುವಿಗೆ ಅತ್ತಳೆಂದು ದಿಲ್ಯಾನ್ ತಿಳಿದ. ಅದೇ ಸಂತೋಷದಲ್ಲಿ ಅವನು ದೊಡ್ಡಮ್ಮನ ಮನೆಗೆ ಬಂದು, ಹಬ್ಬಕ್ಕೆಂದು ಬೇಯಿಸಿದ ಬಾನಿತ್ಸಾ ರೊಟ್ಟಿಯ ಎರಡು ತುಂಡು ತಿಂದು, "ಇನ್ನು ಅವಳು ಎಲ್ಲಿಗೂ ಹೋಗಲ್ಲ ದೊಡ್ಡಮ್ಮ" ಎಂದನಂತೆ. ಜನವರಿ ಆರರ ಎಪಿಫನಿ ಹಬ್ಬಕ್ಕೆ ಮೊದಲೇ ರಾಯ್ನಾ ಪ್ಲೊವ್ದಿವಿಗೆ ಹೋದಳು. ಬಸ್ಸಿನ ಹತ್ತಿರ ಅವನ ಕೈ ಕುಲುಕಿ, "ಆ ಹಾಡನ್ನ ನಾನಿಲ್ಲದೆ ಯಾರ ಕೈಲೂ ಹಾಡಿಸ್ಬೇಡ" ಎಂದಳು. ಅವನು ತಲೆಯಾಡಿಸಿದ. ಅದನ್ನು ಅವನು ಇಂದಿಗೂ ಯಾರಿಂದಲೂ ಹಾಡಿಸಿಲ್ಲ.

ಇಲ್ಲಿ ಪರಾಷ್ಕೇವಾ ಮಾತು ನಿಲ್ಲಿಸಿ, ಸುಲಿದ ಕಾಯಿಗಳ ಬೋಗುಣಿಯನ್ನು ಇನ್ನೊಬ್ಬಳ ಕಡೆಗೆ ಸರಿಸಿದರು. ಕೆಲಸ ಒಂದಿಷ್ಟು ಹೊತ್ತು ಹಾಗೇ ನಡೆಯಿತು.

ಮುಂದಿನದು ಪರಾಷ್ಕೇವಾರ ಮಗಳ ಮದುವೆಯಲ್ಲಿ ನಡೆದದ್ದು, ಇದೇ ಅಂಗಳದಲ್ಲಿ, ಬೇಸಿಗೆಯ ಒಂದು ಹಗಲು. ರಾಯ್ನಾ ಹೋಗಿ ಕೆಲವು ವರ್ಷಗಳಾಗಿದ್ದವು. ಮದುವೆಗೆ ಬಂದಳು; ಜೊತೆಗೆ ಗಂಡ, ಸೌಮ್ಯ ಸ್ವಭಾವದ ಒಬ್ಬ ಹಲ್ಲಿನ ಡಾಕ್ಟರು. ಅವನನ್ನು ಊರಿನ ಗಂಡಸರು ಸುತ್ತುವರಿದು ಪುಕ್ಕಟೆ ಬಾಯಿ ತೋರಿಸುತ್ತಿದ್ದರು. ರಾಯ್ನಾ ಮತ್ತು ದಿಲ್ಯಾನ್ ಒಂದೇ ಮೇಜಿಗೆ ಬಂದರು. ಪರಾಷ್ಕೇವಾ ಇಬ್ಬರಿಗೂ ರಾಕಿಯಾ ಸುರಿಯಲು ನಿಂತರು.

"ಹಂಡೆ ಹೇಗಿದೆ?" ಎಂದು ರಾಯ್ನಾ ನಗುತ್ತ ಕೇಳಿದಳು. "ನನ್ನನ್ನ ಊರು ಬಿಡಿಸಿದ್ದೇ ಅದು, ಗೊತ್ತಾ ನಿಂಗೆ?"

"ಹಂಡೆನಾ?"

"ಹೂಂ. ಈಗ ಹೇಳಿದ್ರೆ ನಗು ಬರುತ್ತೆ. ಆವತ್ತು ಬೆಳಿಗ್ಗೆ ನಾನು ಎಲ್ಲಾನೂ ಹಾಡಿನ ಮೇಲೆ ಬಿಟ್ಟಿದ್ದೆ. ಮೇಲಕ್ಕೆ ನಿಂತ್ರೆ ನಿನ್ನ ಮನೇಲಿ ಇರೋದು, ಕೆಳಗೆ ನಿಂತ್ರೆ ಹೋಗೋದು ಅಂತ. ಮೇಲಕ್ಕೆ ನಿಲ್ಲಲಿ, ಮೇಲಕ್ಕೆ ನಿಲ್ಲಲಿ ಅಂತ ಒಲೆ ಹತ್ರ ಕೂತು ಬೇಡ್ಕೊಳ್ತಾ ಇದ್ದೆ. ನೀನು ಬೇರೆ ತಡ ಮಾಡ್ತಿದ್ದೆ. ಕೊನೆಗೆ ಅದು ಎಷ್ಟು ಚೆನ್ನಾಗಿ ಕೆಳಗಿಳೀತು ನೋಡು! ಇಷ್ಟು ಮರ್ಯಾದೆಯಾಗಿ ನನ್ನನ್ನ ಯಾರೂ ಕಳಿಸಿಕೊಟ್ಟಿರಲಿಲ್ಲ."

ದಿಲ್ಯಾನ್ ಲೋಟವನ್ನು ಮೇಜಿನ ಮೇಲೆ ಇಟ್ಟ. ಅವನ ಮುಖ ನೋಡಿ ರಾಯ್ನಾಳ ನಗು ನಿಂತಿತು.

"ಏನೋ? ಏನಾಯ್ತು?"

"ಅದು ಮೊದಲು ಬಿದ್ದದ್ದಲ್ಲ" ಎಂದ ದಿಲ್ಯಾನ್.

"ಅಂದ್ರೆ?"

"ಮೊದಲು ಬಿದ್ದದ್ದು ಬೇರೆ. ಅದು ಚೆನ್ನಾಗಿರಲಿಲ್ಲ. ನಾನು ಮತ್ತೆ ಕುಲುಕಿದೆ. ತುಂಬಾ ಸಲ."

ಪರಾಷ್ಕೇವಾ ಹೂಜಿ ಹಿಡಿದ ಕೈಯನ್ನು ಕೆಳಗಿಳಿಸಲೂ ಮರೆತು ನಿಂತರು. ರಾಯ್ನಾ ಬಹಳ ಮೆಲ್ಲಗೆ ಕೇಳಿದಳು:

"ಮೊದಲು ಬಿದ್ದದ್ದು ಎಲ್ಲಿ ನಿಂತಿತ್ತು?"

ಅವನು ಸುಳ್ಳು ಹೇಳಬಹುದಿತ್ತು. ಅದೂ ಕೆಳಗೇ ನಿಂತಿತ್ತು ಎಂದಿದ್ದರೆ ಆ ಮದುವೆ ಊಟ ಎಲ್ಲರ ಹೊಟ್ಟೆಗೂ ಇಳಿಯುತ್ತಿತ್ತು ಎಂದು ಪರಾಷ್ಕೇವಾ ಹೇಳುತ್ತಾರೆ. ಆದರೆ ಅವನು ಒಮ್ಮೆ ಅವಳಿಗೆ ಸುಳ್ಳು ಹೇಳಿದ್ದ. ಇನ್ನೊಂದು ಸಲ ಹೇಳಲಾರದೆ ಹೋದ.

"ಮೇಲೆ" ಎಂದ.

ಗಂಡಸರ ಗುಂಪಿನಲ್ಲಿ ಯಾರೋ ದೊಡ್ಡದಾಗಿ ನಕ್ಕರು. ರಾಯ್ನಾ ಎರಡೂ ಕೈಗಳನ್ನು ಮೇಜಿನ ಅಂಚಿಗೆ ಇಟ್ಟುಕೊಂಡು ಕೂತಿದ್ದಳು.

"ಯಾಕೋ ಹಾಗೆ ಮಾಡ್ದೆ?"

"ನೀನು ಹೋಗ್ಬಾರ್ದು ಅಂತ. ಚೆನ್ನಾಗಿರೋ ಹಾಡು ಸಿಕ್ರೆ ನೀನು ನಿಲ್ತೀಯ ಅಂದ್ಕೊಂಡೆ."

"ಚೆನ್ನಾಗಿರೋದನ್ನ ಯಾರು ಕೇಳಿದ್ರು ನಿನ್ನ?" ಎಂದಳು. ಆಮೇಲೆ, "ಹಾಡು ಅದನ್ನ" ಎಂದಳು.

"ಏನನ್ನ?"

"ಮೊದಲು ಬಿದ್ದದ್ದನ್ನ. ನನ್ನದು ಅದು. ಕೇಳಿಸ್ಕೋತೀನಿ, ಹಾಡು."

ದಿಲ್ಯಾನ್ ಬಾಯಿ ತೆರೆದ. ಮೂರು ಸ್ವರ ಗುನುಗಿ ನಿಂತ. ಮತ್ತೆ ಮೊದಲಿನಿಂದ ಗುನುಗಿದ. ಈ ಸಲ ಮೂರನೆಯದು ಬೇರೆಯಾಗಿ ಬಂತು.

"ಒಂದೇ ಸಲ ಕೇಳಿದ್ದು. ಏಳು ಹೆಜ್ಜೆ ತಾಳ. ಎರಡು ಕಡೆ ಎಡವುತ್ತೆ. ಕೊನೆಗೆ ಮೇಲೆ ಹೋಗಿ ನಿಲ್ಲುತ್ತೆ. ಅಷ್ಟೇ ನೆನಪು ರಾಯ್ನಾ. ಹಂಡೇಲೂ ಇಲ್ಲ, ಅಳಿಸಿಹೋಯ್ತು."

"ಒಂದು ಸಾಲಾದ್ರೂ?"

"ಬೇಕಿದ್ರೆ ಕಟ್ಟಿ ಹಾಡ್ತೀನಿ. ಆದ್ರೆ ಅದು ಅದಾಗಿರಲ್ಲ."

"ಬೇಡ ಬಿಡು" ಎಂದಳು ರಾಯ್ನಾ. "ಈಗ ನೀನು ಕಟ್ಟಿದ್ದನ್ನ ನಾನು ಯಾಕೆ ಕೇಳ್ಲಿ." ಎದ್ದು ನಿಂತು ಲಂಗದ ನೆರಿಗೆ ಸರಿಮಾಡಿಕೊಂಡಳು. ಹೊರಡುವ ಮುನ್ನ ಇನ್ನೊಂದು ಮಾತು ಹೇಳಿದಳು. "ನಾನೂ ಅಷ್ಟೇ ಕಣೋ. ಒಲೆ ಮುಂದೆ ಕೂತು ಹಂಡೆನ ಬೇಡ್ಕೊಳ್ಳೋ ಬದಲು, ಎದ್ದು ಬಂದು ನಿನ್ನ ಕೇಳಿದ್ರೆ ಆಗ್ತಿತ್ತು. ಗೋಡೆ ಆಚೆ ಇದ್ದೆ ನೀನು."

ಅಷ್ಟರಲ್ಲಿ ಡೋಲು ಮೊಳಗತೊಡಗಿ ಕುಣಿತದ ಸಾಲು ಕಟ್ಟಿತು. ರಾಯ್ನಾ ಹೋಗಿ ಗಂಡನ ಕೈಯನ್ನೂ ಮದುಮಗಳ ಕೈಯನ್ನೂ ಹಿಡಿದು ಸಾಲಿಗೆ ಸೇರಿದಳು. ಸಾಲು ಸುತ್ತಿ ಸುತ್ತಿ ಮೇಜಿನ ಹತ್ತಿರ ಬಂದಾಗಲೆಲ್ಲ ಅವಳು ಬೇರೆ ಕಡೆ ನೋಡುತ್ತಿದ್ದಳು. ಊಟ ಮುಗಿಸಿ, ಎಲ್ಲರಿಗೂ ಹೇಳಿ, ದಿಲ್ಯಾನನಿಗೂ ಹೇಳಿ ಹೊರಟಳು. ಆಮೇಲೆ ಈ ಊರಿಗೆ ಬಂದಿಲ್ಲ.

ಡೋಲಿನವನ ಪಾಠದಲ್ಲಿ ರಾಯ್ನಾ ರಾಕಿಯಾವನ್ನು ದಿಲ್ಯಾನನ ಮುಖಕ್ಕೆ ಎರಚುತ್ತಾಳೆ. ವರ್ಷಗಳ ನಂತರ ಹಂಡೆಯಿಂದ ಅದೇ ರಾಗ ಮತ್ತೆ ಬೀಳುತ್ತದೆ, ಅವನು ಪ್ಲೊವ್ದಿವಿಗೆ ಓಡುತ್ತಾನೆ. ನಾನು ಇದನ್ನು ಹೇಳಿದಾಗ ಪರಾಷ್ಕೇವಾ ಕೈಗಂಟಿದ ಸಿಪ್ಪೆಯನ್ನು ಝಾಡಿಸಿ, "ಅವನು ಆ ಮದುವೇಲಿ ಡೋಲು ಹೊಡೀತಿದ್ದ. ಮೇಜಿನ ಹತ್ರ ಏನಾಯ್ತು ಅಂತ ಅವನಿಗೇನು ಗೊತ್ತು?" ಎಂದರು. "ಓಡಿಹೋಗೋದಿರ್ಲಿ, ಆ ರಾಗ ಬಿದ್ರೂ ನಮ್ಮ ಹುಡುಗನಿಗೆ ಗುರುತು ಸಿಗಬೇಕಲ್ಲ. ಅದೇ ಅವನ ನೋವು. ನಂಗೆ ಅವನೇ ಹೇಳಿದ: 'ದೊಡ್ಡಮ್ಮ, ಅದು ಈಗಾಗ್ಲೇ ಮತ್ತೆ ಬಿದ್ದಿರಬಹುದು. ನಾನೇ ಗುರುತು ಹಿಡೀದೆ ದಾಟಿಸಿರಬಹುದು' ಅಂತ."

ಈಗ ದಿಲ್ಯಾನ್ ಹಂಡೆಯನ್ನು ಬದಲಿಸಿದ್ದಾನೆ. ಬಿದ್ದದ್ದೆಲ್ಲವನ್ನೂ ಅದು ಉಳಿಸಿಕೊಳ್ಳುತ್ತದೆ, ಸಪ್ಪೆಯದು, ಸೊಟ್ಟದ್ದು, ಯಾವುದನ್ನೂ ಬಿಡದೆ. ಬೆಳಿಗ್ಗೆ ಕಾಫಿ ಇಟ್ಟುಕೊಂಡು ಒಂದೊಂದಾಗಿ ಕೇಳುತ್ತಾನೆ. ಏಳು ಹೆಜ್ಜೆಯದು ಬಂದು, ಮೇಲೇರಿ ನಿಂತರೆ, ಎರಡನೆಯ ಸಲ ಕೇಳುತ್ತಾನೆ. ಅದೋ ಅಲ್ಲವೋ ತಿಳಿಯದೆ ಮುಂದಿನದಕ್ಕೆ ಹೋಗುತ್ತಾನೆ. ಬೊಂಬೆಯಾಟದವರಿಗೆ ಕೈಯಿಂದಲೇ ಬರೆದುಕೊಡುತ್ತಾನೆ. ಹಂಡೆಯ ಹಾಡನ್ನು ಯಾವ ಹಾಡುಗಾರ್ತಿಗೂ ಕೊಡುವುದಿಲ್ಲ.

"ಹೇಳ್ಬಾರ್ದಿತ್ತು ಅವನು" ಎಂದಳು ಸ್ಪಾಸ್ಕಾ. "ಅವಳು ನೆಮ್ಮದಿಯಾಗಿದ್ಲು. ಹಂಡೆ ಕಳಿಸ್ತು, ಬಂದೆ ಅಂತ ಇದ್ಲು. ಈಗ ಅದೂ ಇಲ್ಲ."

"ಹೇಳ್ದೆ ಇದ್ರೆ ಸರಿಯಿತ್ತಾ?" ಎಂದಳು ಅವಳ ಎದುರು ಕೂತಿದ್ದ ಮುದುಕಿ ಮಿತ್ರಾ. "ಎರಡು ಸಲ ಮೋಸ ಮಾಡ್ಬೇಕಿತ್ತಾ?"

"ಮೋಸ ಅಂತೀರಲ್ಲ, ಪ್ರೀತಿಗೆ ಮಾಡಿದ್ದು."

"ಪ್ರೀತಿಗೆ ಮಾಡಿದ್ದನ್ನೇ ಸರಿ ಮಾಡೋಕಾಗಲ್ಲ ಕಣೆ. ದ್ವೇಷಕ್ಕೆ ಮಾಡಿದ್ರೆ ಕ್ಷಮೆ ಕೇಳಬಹುದಿತ್ತು."

ಸ್ಪಾಸ್ಕಾ ಚಾಕು ಕೆಳಗಿಟ್ಟಳು. ಪರಾಷ್ಕೇವಾರನ್ನು ನೋಡಿ, "ನೀವೇನಂತೀರಿ ಅಕ್ಕ?" ಎಂದಳು.

"ನಾನೇನನ್ಲಿ" ಎಂದರು ಪರಾಷ್ಕೇವಾ. "ಕಿಟಕಿಗೆ ಬಣ್ಣ ಇನ್ನೂ ಹೊಡಿಸಿಲ್ಲ ಅವನು. ಹಸಿರೋ ನೀಲಿಯೋ ಅಂತ ಅವಳು ಹೇಳ್ಲೇ ಇಲ್ವಂತೆ."

ಬೋಗುಣಿಗಳು ತುಂಬಿದ್ದವು, ಬುಟ್ಟಿ ಖಾಲಿಯಾಗಿತ್ತು. ಮಿತ್ರಾ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಹೆಂಗಸರು ನಲ್ಲಿಯ ಹತ್ತಿರ ಸಾಲಾಗಿ ನಿಂತು ಕಪ್ಪಾದ ಬೆರಳುಗಳನ್ನು ತೊಳೆದುಕೊಂಡರು. ತಂತಮ್ಮ ಚಾಕುಗಳನ್ನು ಒರೆಸಿ, ಕೋಳಿ ಗೂಡಿಗೆ ಹಾಕಬೇಕು, ಮೇಕೆ ಹಾಲು ಕರೆಯಬೇಕು ಎನ್ನುತ್ತ ಒಬ್ಬೊಬ್ಬರಾಗಿ ಅಂಗಳದ ಬಾಗಿಲು ದಾಟಿ ಮನೆಗೆ ಹೋದರು.